ಮೋಸ ಹೋಗಬಲ್ಲ ಕಾವಲುಗಾರ

ಪ್ರಶ್ನೆ: ಕಾಲೇಜಿನ ದಿನಗಳಲ್ಲಿ ವುಲ್ಫೆನ್‌ಸ್ಟೈನ್ 3ಡಿ ಆಡಿದವನು ನಾನು. ಎದುರಿಗೆ ಬಂದವರನ್ನೆಲ್ಲ ಸುಟ್ಟು ಮುಂದೆ ಹೋಗುವ ಆಟ. ಅದಕ್ಕೂ ಮೊದಲು ಅದೇ ಹೆಸರಿನ ಇನ್ನೊಂದು ಆಟ ಇತ್ತಂತೆ. ಅದರಲ್ಲಿ ಗುಂಡು ಹಾರಿಸುವುದಕ್ಕಿಂತ ಕಣ್ಣು ತಪ್ಪಿಸಿ ನುಸುಳುವುದೇ ಮುಖ್ಯವಾಗಿತ್ತು, ಕಾವಲುಗಾರರು ಜರ್ಮನ್ ಭಾಷೆಯಲ್ಲಿ ಕೂಗುತ್ತಿದ್ದರು ಎನ್ನುತ್ತಾನೆ ಮಗ. ಆ ಕಾಲದ ಪುಟ್ಟ ಕಂಪ್ಯೂಟರಿನಲ್ಲಿ ಇದೆಲ್ಲ ಹೇಗೆ ಸಾಧ್ಯವಾಯಿತು? ಅಂಥ ಆಟ ಕಡೆಗೆ ಬರೀ ಗುಂಡಿನ ಆಟ ಆದದ್ದೇಕೆ?
ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. ಆ ಆಟದ ಹೆಸರು ‘ಕ್ಯಾಸಲ್ ವುಲ್ಫೆನ್‌ಸ್ಟೈನ್’. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿದ್ದ ಮ್ಯೂಸ್ ಸಾಫ್ಟ್‌ವೇರ್ ಎಂಬ ಸಣ್ಣ ಕಂಪನಿ 1981ರಲ್ಲಿ ಅದನ್ನು ಆಪಲ್ 2 ಕಂಪ್ಯೂಟರಿಗೆಂದು ಹೊರತಂದಿತು. ಬರೆದವರು ಸೈಲಸ್ ವಾರ್ನರ್. ಮುಂದೆ ಅಟಾರಿ, ಕಮೊಡೋರ್ 64, ಐಬಿಎಂ ಪಿಸಿಗಳಿಗೂ ಬಂತು. ನೀವು ಆಡಿದ ಆಟಕ್ಕಿಂತ 11 ವರ್ಷ ಹಿರಿಯದು. ಹೆಸರು ಅದೇ, ನಾಜಿಗಳೂ ಅವರೇ, ಆದರೆ ಸ್ವಭಾವದಲ್ಲಿ ಎರಡಕ್ಕೂ ಅಜಗಜಾಂತರ.

ಕಥೆ ಎರಡನೇ ಮಹಾಯುದ್ಧದ್ದು. ನೀವು ಮಿತ್ರಪಕ್ಷದ ಸೈನಿಕ, ಸೆರೆಸಿಕ್ಕು ವುಲ್ಫೆನ್‌ಸ್ಟೈನ್ ಎಂಬ ಕಲ್ಪಿತ ಕೋಟೆಯಲ್ಲಿ ಬಿದ್ದಿದ್ದೀರಿ. ಜೊತೆಯ ಕೈದಿಯೊಬ್ಬ ಪ್ರಾಣ ಬಿಡುವ ಮುನ್ನ ಒಂದು ಪಿಸ್ತೂಲನ್ನು ನಿಮ್ಮ ಕೈಗಿಡುತ್ತಾನೆ. ಅದರಲ್ಲಿರುವುದು 10 ಗುಂಡು. ಕೋಟೆಗೆ ಐದು ಅಂತಸ್ತು, ಸುಮಾರು 60 ಕೋಣೆ. ಎಲ್ಲೋ ಒಂದು ಪೆಟ್ಟಿಗೆಯಲ್ಲಿ ಶತ್ರುವಿನ ಯುದ್ಧಯೋಜನೆಯ ಗುಟ್ಟಿನ ಕಾಗದಗಳಿವೆ. ಅವನ್ನು ಹುಡುಕಿ ತೆಗೆದುಕೊಂಡು ಹೊರಬೀಳಬೇಕು. ಕಾಗದ ಸಿಗದೆ ಬರಿಗೈಯಲ್ಲಿ ತಪ್ಪಿಸಿಕೊಂಡರೆ ಜೀವವೇನೋ ಉಳಿಯುತ್ತದೆ, ಬಡ್ತಿ ಸಿಗುವುದಿಲ್ಲ. ಕಾಗದದೊಂದಿಗೆ ಬಂದರೆ ದರ್ಜೆ ಏರುತ್ತದೆ, ಮುಂದಿನ ಸಲ ಕೋಟೆ ಇನ್ನಷ್ಟು ಬಿಗಿ. ಮೊದಲ ಮೆಟ್ಟಿಲು ಸಾಮಾನ್ಯ ಸಿಪಾಯಿ, ಕೊನೆಯದು ಫೀಲ್ಡ್ ಮಾರ್ಷಲ್. ಹೊಸ ಕೋಟೆ ಕಟ್ಟಿದಾಗಲೆಲ್ಲ ಕೋಣೆಗಳ ಜೋಡಣೆ ಬದಲಾಗುವುದರಿಂದ ದಾರಿಯನ್ನು ಬಾಯಿಪಾಠ ಮಾಡಿ ಗೆಲ್ಲುವ ಹಾಗಿಲ್ಲ.

10 ಗುಂಡಿಗೆ 60 ಕೋಣೆ. ಈ ಲೆಕ್ಕವೇ ಆಟಗಾರನಿಗೆ ಅರ್ಧ ಪಾಠ ಹೇಳಿಬಿಡುತ್ತದೆ. ಆದರೆ ಗುಂಡು ಕಡಿಮೆ ಕೊಟ್ಟ ಮಾತ್ರಕ್ಕೆ ನುಸುಳುವ ಆಟ ಹುಟ್ಟುವುದಿಲ್ಲ. ಅದಕ್ಕೆ ಬೇರೊಂದು ವಸ್ತು ಬೇಕು. ಅದು ವಾರ್ನರ್‌ಗೆ ಹೇಗೆ ಸಿಕ್ಕಿತು ಎಂಬುದೇ ನಿಮ್ಮ ಪ್ರಶ್ನೆಯ ಮುಖ್ಯ ಭಾಗ ಎಂದು ನನಗನ್ನಿಸುತ್ತದೆ.

1980ರಲ್ಲಿ ಅಮೆರಿಕದ ಆಟದಂಗಡಿಗಳಲ್ಲಿ ‘ಬರ್ಜರ್ಕ್’ ಎಂಬ ಕಾಸು ಹಾಕಿ ಆಡುವ ಯಂತ್ರ ಬಂದಿತ್ತು. ಸ್ಟರ್ನ್ ಎಲೆಕ್ಟ್ರಾನಿಕ್ಸ್ ಕಂಪನಿಯದು. ಗೋಡೆಗಳ ಜಟಿಲ ಕೋಣೆ, ಅದರೊಳಗೆ ರೋಬೋಟುಗಳು, ನಡುವೆ ಒಬ್ಬ ಮನುಷ್ಯ. ಕೋಣೆಯಿಂದ ಕೋಣೆಗೆ ಓಡುತ್ತ ರೋಬೋಟುಗಳನ್ನು ಸುಡಬೇಕು. ತಡಮಾಡಿದರೆ ನಗುಮುಖದ ಚೆಂಡೊಂದು ಪುಟಿಯುತ್ತ ಬರುತ್ತದೆ. ಅದಕ್ಕೆ ಗೋಡೆ ಅಡ್ಡವಲ್ಲ, ಸಾವೂ ಇಲ್ಲ. ಅದನ್ನು ನೋಡಿದ ವಾರ್ನರ್‌ಗೆ ಇಂಥದ್ದನ್ನು ಆಪಲ್‌ನಲ್ಲಿ ಮಾಡಬೇಕೆನ್ನಿಸಿತು. ಅಷ್ಟರಲ್ಲಿ ಅವರು ‘ದಿ ಗನ್ಸ್ ಆಫ್ ನವರೋನ್’ ಚಿತ್ರ ನೋಡಿದರು. 1961ರ ಚಿತ್ರ, ಗ್ರೆಗರಿ ಪೆಕ್, ಆಂಥೊನಿ ಕ್ವಿನ್, ಡೇವಿಡ್ ನಿವೆನ್ ಇದ್ದ ಒಂದು ಸಣ್ಣ ತಂಡ ಜರ್ಮನರ ಹಿಡಿತದಲ್ಲಿದ್ದ ಗ್ರೀಕ್ ದ್ವೀಪಕ್ಕೆ ಕದ್ದು ಇಳಿದು ದೈತ್ಯ ತೋಪುಗಳನ್ನು ಹಾಳುಮಾಡುವ ಕಥೆ. ವಾರ್ನರ್ ರೋಬೋಟುಗಳನ್ನು ತೆಗೆದು ಜರ್ಮನ್ ಸೈನಿಕರನ್ನು ಕೂರಿಸಿದರು.

ಮೇಲುನೋಟಕ್ಕೆ ಇದು ವೇಷ ಬದಲಾವಣೆ ಅಷ್ಟೇ. ಅದರ ಪರಿಣಾಮ ಮಾತ್ರ ಬಹಳ ದೂರ ಹೋಯಿತು. ರೋಬೋಟಿಗೆ ನೀವು ಎಲ್ಲಿದ್ದೀರಿ ಎಂಬುದು ಸದಾ ಗೊತ್ತು, ಅದು ನಿಮ್ಮ ಕಡೆಗೇ ಬರುತ್ತದೆ. ಮನುಷ್ಯ ಹಾಗಲ್ಲ. ಅವನು ಬೇರೆ ಕಡೆ ನೋಡುತ್ತಿರಬಹುದು. ಬಟ್ಟೆ ನೋಡಿ ನಂಬಬಹುದು. ಹಣೆಗೆ ಪಿಸ್ತೂಲು ಇಟ್ಟರೆ ಕೈ ಎತ್ತಬಹುದು. ಅಂದರೆ ವಾರ್ನರ್ ತಮ್ಮ ಶತ್ರುವಿಗೆ ಬಲದ ಜೊತೆಗೆ ಅಜ್ಞಾನವನ್ನೂ ಕೊಡಬೇಕಾಯಿತು. ಆ ಅಜ್ಞಾನವೇ ಈ ಆಟದ ಜೀವಾಳ.

ಇದು ಕೇಳಿದಷ್ಟು ಸುಲಭದ ಕೆಲಸವಲ್ಲ. ಕಣ್ಣಾಮುಚ್ಚಾಲೆಯಲ್ಲಿ ಕಳ್ಳನಾದವನು ಕಣ್ಣು ಮುಚ್ಚಿ ಎಣಿಸಿದರೇ ಆಟ. ಬೆರಳಸಂದಿಯಲ್ಲಿ ಇಣುಕಿದರೆ ಆಟ ಕೆಟ್ಟಿತು. ಕಂಪ್ಯೂಟರಿಗೆ ರೆಪ್ಪೆಯೇ ಇಲ್ಲ. ಪರದೆಯ ಮೇಲೆ ನಿಮ್ಮ ಗೊಂಬೆಯನ್ನು ಬಿಡಿಸುವುದೂ ಅದೇ, ಕಾವಲುಗಾರನನ್ನು ನಡೆಸುವುದೂ ಅದೇ. ನೀವು ನಿಂತ ಜಾಗ ಮೆಮೊರಿಯಲ್ಲಿ ಬರೆದಿಟ್ಟ ಎರಡು ಸಂಖ್ಯೆ. ಅವನ್ನು ಓದಿಕೊಂಡು ಕಾವಲುಗಾರನನ್ನು ಅಟ್ಟಿಬಿಡುವುದೇ ಪ್ರೋಗ್ರಾಮ್ ಬರೆಯುವವನಿಗೆ ಸಲೀಸು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರು, ಇಂಥಿಂಥದು ನಡೆದ ಮೇಲಷ್ಟೇ ಎಚ್ಚರಗೊಳ್ಳು ಎಂದು ಯಂತ್ರಕ್ಕೆ ಕಲಿಸಬೇಕಾದರೆ ಹೆಚ್ಚಿನ ಕೆಲಸ ಬೀಳುತ್ತದೆ, ಅದೂ ಮೆಮೊರಿಯ ಒಂದೊಂದು ಬೈಟನ್ನೂ ಲೆಕ್ಕ ಹಾಕಬೇಕಿದ್ದ ಕಾಲದಲ್ಲಿ.

ವಾರ್ನರ್ ಈ ದಿಕ್ಕಿನಲ್ಲಿ ಯೋಚಿಸಿದ್ದು ಆಕಸ್ಮಿಕವಲ್ಲ ಎನ್ನುವುದು ನನ್ನ ಊಹೆ. ಆರೂವರೆ ಅಡಿಗೂ ಮೀರಿದ ಎತ್ತರದ ಈ ಮನುಷ್ಯ ಇಂಡಿಯಾನ ವಿಶ್ವವಿದ್ಯಾಲಯದಲ್ಲಿ ಪ್ಲೇಟೊ ಎಂಬ ವ್ಯವಸ್ಥೆಯ ಮೇಲೆ ಕೆಲಸ ಮಾಡಿ ಬಂದವರು. ಒಂದು ದೊಡ್ಡ ಕಂಪ್ಯೂಟರಿಗೆ ದೂರದೂರದ ಟರ್ಮಿನಲ್‌ಗಳನ್ನು ಜೋಡಿಸಿ ಪಾಠ ಹೇಳಲೆಂದು ಕಟ್ಟಿದ್ದ ವ್ಯವಸ್ಥೆ ಅದು. ಪಾಠಕ್ಕಿಂತ ಆಟಗಳಿಗೇ ಹುಡುಗರು ಅದರ ಮುಂದೆ ಕೂರುತ್ತಿದ್ದರು ಎಂಬುದು ಬೇರೆ ಮಾತು. ಅಲ್ಲಿ ಅವರು ಶುರುಮಾಡಿದ್ದ ‘ರೋಬೋಟ್‌ವಾರ್’ ಎಂಬ ಆಟವನ್ನು ಮ್ಯೂಸ್ ಕಂಪನಿ 1981ರಲ್ಲೇ ಆಪಲ್‌ಗೂ ತಂದಿತು. ಅದರಲ್ಲಿ ನೀವು ಆಡುವುದಿಲ್ಲ. ರೋಬೋಟಿಗೊಂದು ಪ್ರೋಗ್ರಾಮ್ ಬರೆದುಕೊಟ್ಟು ಕಣಕ್ಕೆ ಬಿಟ್ಟು ನೋಡುತ್ತೀರಿ. ಎದುರಾಳಿ ಎಲ್ಲಿದ್ದಾನೆಂದು ಆ ರೋಬೋಟಿಗೆ ಹುಟ್ಟಿನಿಂದ ಗೊತ್ತಿರುವುದಿಲ್ಲ. ಒಂದು ದಿಕ್ಕಿಗೆ ರೇಡಾರ್ ಬೀರಿ, ಏನಾದರೂ ಸಿಕ್ಕಿತೇ ಎಂದು ನೋಡಿ, ಆಮೇಲೆ ಗುಂಡು ಹಾರಿಸಬೇಕು. ಯಂತ್ರಕ್ಕೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ಅಷ್ಟು ಹತ್ತಿರದಿಂದ ಯೋಚಿಸಿದವರು ಅದೇ ವರ್ಷ ಏಮಾರುವ ಕಾವಲುಗಾರನನ್ನು ಕಟ್ಟಿದರು.

ಕೋಟೆಯೊಳಗೆ ಎರಡು ಜಾತಿಯ ಶತ್ರುಗಳಿದ್ದಾರೆ. ಒಂದು, ಸಾಮಾನ್ಯ ಪಹರೆಯವರು. ನಿಮ್ಮನ್ನು ಕಂಡರೆ ಗುಂಡು ಹಾರಿಸುತ್ತಾರೆ, ಇಲ್ಲವೇ ಬಂದು ಹಿಡಿಯುತ್ತಾರೆ. ಆದರೆ ಪೆಟ್ಟಿಗೆಯಲ್ಲಿ ಜರ್ಮನ್ ಸಮವಸ್ತ್ರವೊಂದು ಸಿಕ್ಕಿ ಅದನ್ನು ತೊಟ್ಟಿರೆಂದರೆ ಅವರ ಮುಂದೆಯೇ ನಡೆದುಹೋಗಬಹುದು, ತಿರುಗಿಯೂ ನೋಡುವುದಿಲ್ಲ. ಇನ್ನೊಂದು, ಎಸ್ಸೆಸ್ ಪಡೆಯವರು. ಎದೆಯ ಮೇಲಿನ ಗುರುತಿನಿಂದಲೇ ಅವರನ್ನು ಗುರುತಿಸಬಹುದು. ಸಮವಸ್ತ್ರದ ಆಟ ಇವರ ಮುಂದೆ ನಡೆಯುವುದಿಲ್ಲ. ಗುಂಡು ನಾಟದ ಅಂಗಿ ತೊಟ್ಟಿರುವುದರಿಂದ ಪಿಸ್ತೂಲಿಗೂ ಸುಲಭದಲ್ಲಿ ಬಗ್ಗುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಕೋಣೆ ದಾಟಿದರೂ ಬೆನ್ನು ಬಿಡುವುದಿಲ್ಲ. ಪಹರೆಯವನಿಗೆ ಅವನ ಕೋಣೆಯೇ ಲೋಕ. ಬಾಗಿಲಾಚೆ ಹೋದಿರೋ, ಅವನ ಪಾಲಿಗೆ ನೀವಿಲ್ಲ. ಎಸ್ಸೆಸ್‌ನವನು ಬಾಗಿಲು ದಾಟಿ ಹಿಂದೆಯೇ ಬರುತ್ತಾನೆ. ಸಮವಸ್ತ್ರ ತೊಟ್ಟು ಧೈರ್ಯವಾಗಿ ನಾಲ್ಕು ಕೋಣೆ ದಾಟಿದ ಆಟಗಾರ ಐದನೆಯದರಲ್ಲಿ ಇವನನ್ನು ಕಂಡರೆ ಎದೆ ಧಸಕ್ಕೆನ್ನುತ್ತದೆ. ಎಲ್ಲರ ಕಣ್ಣಿಗೂ ಮಣ್ಣೆರಚಲಾಗದು ಎಂಬ ಭಯ ಇಲ್ಲದಿದ್ದರೆ, ಕೆಲವರ ಕಣ್ಣಿಗೆ ಎರಚುವುದರಲ್ಲಿ ಸ್ವಾರಸ್ಯವೇ ಇರುತ್ತಿರಲಿಲ್ಲ.

ಸಮವಸ್ತ್ರ ತೊಟ್ಟು ಪಾರಾಗುವುದು ಸಿನಿಮಾದವರ ಕಲ್ಪನೆ ಎನ್ನಿಸಬಹುದು. ಹಾಗೇನಿಲ್ಲ. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಕೋಲ್ಡಿಟ್ಸ್ ಕೋಟೆಯನ್ನು ನಾಜಿಗಳು ಯುದ್ಧಕೈದಿಗಳಾದ ಅಧಿಕಾರಿಗಳ ಸೆರೆಮನೆ ಮಾಡಿಕೊಂಡಿದ್ದರು. ಬೇರೆಡೆ ತಪ್ಪಿಸಿಕೊಳ್ಳಲು ನೋಡಿ ಸಿಕ್ಕಿಬಿದ್ದವರನ್ನು ಅಲ್ಲಿಗೆ ತರುತ್ತಿದ್ದರು. 1942ರ ಜನವರಿಯಲ್ಲಿ ಬ್ರಿಟನ್ನಿನ ಏರಿ ನೀವ್ ಮತ್ತು ಡಚ್ ಸೇನೆಯ ಟೋನಿ ಲುಟೇನ್ ತಾವೇ ಸಿದ್ಧಮಾಡಿಕೊಂಡ ಜರ್ಮನ್ ಅಧಿಕಾರಿಗಳ ವೇಷದಲ್ಲಿ ಕಾವಲಿನವರ ಮುಂದೆಯೇ ನಡೆದುಹೋಗಿ ಸ್ವಿಟ್ಜರ್‌ಲೆಂಡ್ ಸೇರಿದರು. ಅದೇ ಕೋಟೆಯಲ್ಲಿ ಒಬ್ಬ ಭಾರತೀಯನೂ ಇದ್ದ, ಒಬ್ಬನೇ. ಬ್ರಿಟಿಷ್ ಸೇನೆಯ ವೈದ್ಯ, ಬಂಗಾಳದ ಬೀರೇಂದ್ರನಾಥ ಮಜುಂದಾರ್. ತನ್ನನ್ನು ಭಾರತೀಯ ಕೈದಿಗಳ ಶಿಬಿರಕ್ಕೆ ಕಳಿಸಿ ಎಂದು ಉಪವಾಸ ಕೂತು, ವರ್ಗ ಮಾಡಿಸಿಕೊಂಡು, ಫ್ರಾನ್ಸಿನ ಶಿಬಿರದಿಂದ ತಪ್ಪಿಸಿಕೊಂಡು 1944ರಲ್ಲಿ ಆತನೂ ಕಾಲ್ನಡಿಗೆಯಲ್ಲಿ ಸ್ವಿಟ್ಜರ್‌ಲೆಂಡ್ ಮುಟ್ಟಿದ. ಆತನಿಗಿದ್ದ ತೊಡಕು ಬೇರೆ: ಕಂದು ಮೈಬಣ್ಣದವನಿಗೆ ಜರ್ಮನ್ ಸಮವಸ್ತ್ರ ಏನು ಪ್ರಯೋಜನ? ಆಟಕ್ಕೂ ಮಜುಂದಾರ್‌ಗೂ ಸಂಬಂಧವಿಲ್ಲ. ಆದರೂ ಕೋಟೆಯಿಂದ ಪಾರಾಗುವ ಮಾತು ಬಂದಾಗ ಆತನನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಆಟಕ್ಕೆ ಮರಳೋಣ. ಗುಂಡು ಹಾರಿಸದೆ ಕೆಲಸ ಸಾಧಿಸುವ ಇನ್ನೊಂದು ಉಪಾಯ ಕೈ ಎತ್ತಿಸುವುದು. ಪಹರೆಯವನ ಹತ್ತಿರ ಹೋಗಿ ಪಿಸ್ತೂಲು ಗುರಿಯಿಟ್ಟರೆ ಅವನು ಎರಡೂ ಕೈ ಮೇಲೆತ್ತಿ ನಿಲ್ಲುತ್ತಾನೆ. ಆಗ ಅವನನ್ನು ತಡಕಬಹುದು. ಗುಂಡುಗಳೋ ಬೀಗದ ಕೈಯೋ ಸಿಗುತ್ತವೆ. ಒಂದೂ ಗುಂಡು ಖರ್ಚಾಗದೆ ಗುಂಡು ಗಳಿಸಿದಿರಿ. ಅದೇ ಜಾಗದಲ್ಲಿ ಗುಂಡು ಹಾರಿಸಿದ್ದರೆ ಒಂದು ಗುಂಡು ಹೋಯಿತು, ಸದ್ದಿಗೆ ಉಳಿದವರೂ ಎಚ್ಚೆತ್ತರು. ಗ್ರೆನೇಡ್ ಇನ್ನೂ ದುಬಾರಿ: ಒಳಗಿನ ಗೋಡೆಯನ್ನೇ ಒಡೆದು ದಾರಿ ಮಾಡಬಲ್ಲದು, ಆದರೆ ಗುಟ್ಟು ಎಂಬುದು ಅಲ್ಲಿಗೆ ಮುಗಿಯಿತು. ಬಲ ಬಳಸಬಾರದು ಎಂದು ಆಟ ಎಲ್ಲೂ ಉಪದೇಶ ಮಾಡುವುದಿಲ್ಲ. ಬಳಸಿ ನೋಡು, ಎಷ್ಟು ಬೀಳುತ್ತದೆ ಎಂದು ನಿನಗೇ ಗೊತ್ತಾಗುತ್ತದೆ ಎನ್ನುತ್ತದೆ.

ಪೆಟ್ಟಿಗೆಗಳದ್ದು ಇನ್ನೊಂದು ಕಥೆ. ಬೀಗ ಹಾಕಿದ ಪೆಟ್ಟಿಗೆಯ ಮುಂದೆ ನಿಂತು ತೆರೆಯಲು ಶುರುಮಾಡಿದರೆ ಪರದೆಯ ಮೇಲೆ ಸೆಕೆಂಡುಗಳು ಇಳಿಯತೊಡಗುತ್ತವೆ. ನಿಜವಾದ ಸೆಕೆಂಡುಗಳು. ಕೆಲವು ಪೆಟ್ಟಿಗೆಗಳಿಗೆ ನಿಮಿಷಗಳೇ ಬೇಕು. ಆಟಗಾರ ಕುರ್ಚಿಯಲ್ಲಿ ಸುಮ್ಮನೆ ಕೂತು ಕಾಯಬೇಕು. ತಾಳ್ಮೆ ತಪ್ಪಿ ಪೆಟ್ಟಿಗೆಗೇ ಗುಂಡು ಹೊಡೆದರೆ ಬೇಗ ತೆರೆಯಬಹುದು, ಒಳಗೆ ಗ್ರೆನೇಡ್ ಇದ್ದರೆ ಅದರೊಂದಿಗೆ ನೀವೂ ಹೋಗಬಹುದು. ಇಷ್ಟೆಲ್ಲ ಕಾದು ತೆರೆದರೆ ಒಳಗಿರುವುದು ಕೆಲವೊಮ್ಮೆ ಹುಳಿ ಎಲೆಕೋಸು, ಸಾಸೇಜು. ತಿಂದರೂ ಏನೂ ಆಗುವುದಿಲ್ಲ. ಮದ್ಯ ಸಿಕ್ಕಿ ಕುಡಿದರೆ ಗುರಿ ತಪ್ಪುತ್ತದೆ. ಹಿಟ್ಲರನ ಸಂಗಾತಿ ಇವಾ ಬ್ರೌನ್‌ಳ ದಿನಚರಿಯೂ ಸಿಗುತ್ತದೆ, ಅದರಿಂದ ಕಾಸಿನ ಉಪಯೋಗವಿಲ್ಲ. ಈ ಕಾಯುವಿಕೆಯನ್ನು ನಾನು ಪೂರ್ತಿ ಒಪ್ಪಲಾರೆ. ಮೊದಲು ಅದು ಮೈ ಬಿಗಿಮಾಡುತ್ತದೆ, ಆಮೇಲೆ ಬರೀ ಬೇಸರ. ಕಳ್ಳನಿಗೆ ಕಾಲವೇ ಶತ್ರು ಎಂದು ತೋರಿಸಲು ಅರ್ಧ ನಿಮಿಷ ಸಾಕಾಗಿತ್ತು.

ಇನ್ನು ನಿಮ್ಮ ಮಗ ಹೇಳಿದ ಜರ್ಮನ್ ಕೂಗಿನ ವಿಷಯ. ಇಲ್ಲಿ ಯಂತ್ರದ ಒಳಗನ್ನು ಸ್ವಲ್ಪ ನೋಡಬೇಕು. ಆಪಲ್ 2ರ ಎದೆಯಲ್ಲಿದ್ದದ್ದು 6502 ಎಂಬ ಪ್ರೊಸೆಸರ್, ವೇಗ ಸುಮಾರು 1 ಮೆಗಾಹರ್ಟ್ಸ್. ಮೆಮೊರಿ ಸಾಮಾನ್ಯವಾಗಿ 48 ಕಿಲೋಬೈಟ್, ಅಂದರೆ 49,152 ಬೈಟ್. ಅದರಲ್ಲೇ ಚಿತ್ರದ ಪರದೆಗೆ 8 ಕಿಲೋಬೈಟ್ ಹೋಗುತ್ತದೆ. ಸಂಗೀತದ ಸಿಡಿಯಲ್ಲಿ ಒಂದು ಸೆಕೆಂಡಿನ ಸ್ಟೀರಿಯೊ ಶಬ್ದಕ್ಕೆ 1,76,400 ಬೈಟ್ ಬೇಕು. ಅಂದರೆ ಇಡೀ ಕಂಪ್ಯೂಟರನ್ನು ಖಾಲಿ ಮಾಡಿಕೊಟ್ಟರೂ ಸಿಡಿಯ ಅರ್ಧ ಸೆಕೆಂಡು ಅದರಲ್ಲಿ ಹಿಡಿಯದು. ಶಬ್ದಕ್ಕೆಂದು ಬೇರೆ ಚಿಪ್ ಕೂಡ ಇರಲಿಲ್ಲ. ಇದ್ದದ್ದು ಒಂದು ಪುಟ್ಟ ಸ್ಪೀಕರ್. ಮೆಮೊರಿಯ ಒಂದು ನಿಗದಿತ ವಿಳಾಸವನ್ನು ಪ್ರೋಗ್ರಾಮ್ ಮುಟ್ಟಿದರೆ ಸ್ಪೀಕರಿನ ಪರದೆ ಈ ಕಡೆಯಿಂದ ಆ ಕಡೆಗೆ ಒಮ್ಮೆ ಜಿಗಿಯುತ್ತದೆ: ‘ಟಕ್’. ಮತ್ತೊಮ್ಮೆ ಮುಟ್ಟಿದರೆ ಮರಳಿ ಜಿಗಿಯುತ್ತದೆ. ಜೋರು, ಮೆಲ್ಲಗೆ ಎಂಬ ಭೇದವೇ ಇಲ್ಲ. ಬೇಗ ಬೇಗ ಮುಟ್ಟಿದರೆ ಕೀರಲು, ನಿಧಾನಕ್ಕೆ ಮುಟ್ಟಿದರೆ ಗೊಗ್ಗರು.

ಮ್ಯೂಸ್ ಕಂಪನಿ ‘ದಿ ವಾಯ್ಸ್’ ಎಂಬ ಒಂದು ತಂತ್ರಾಂಶವನ್ನು ಮಾರುತ್ತಿತ್ತು. ಆಪಲ್ 2ರ ಹಿಂಬದಿಯಲ್ಲಿ ಟೇಪ್ ರೆಕಾರ್ಡರ್ ಜೋಡಿಸುವ ಕಿಂಡಿ ಇತ್ತಲ್ಲ, ಪ್ರೋಗ್ರಾಮುಗಳನ್ನು ಕ್ಯಾಸೆಟ್ಟಿನಿಂದ ಓದಿಕೊಳ್ಳಲೆಂದು ಇಟ್ಟದ್ದು, ಅದರ ಮೂಲಕ ಮನುಷ್ಯನ ದನಿಯನ್ನು ಒಳಗೆ ಬಿಡುವುದು ಉಪಾಯ. ಆ ಕಿಂಡಿಗೂ ಗೊತ್ತಿದ್ದದ್ದು ಎರಡೇ ಸ್ಥಿತಿ: ಅಲೆ ಗೆರೆಯ ಮೇಲಿದೆ ಅಥವಾ ಕೆಳಗಿದೆ. ಒಂದು, ಸೊನ್ನೆ. ಸೆಕೆಂಡಿಗೆ 8,000 ಸಲ ಹಾಗೆ ನೋಡಿ ಬರೆದಿಟ್ಟುಕೊಂಡರೆ 8,000 ಬಿಟ್, ಅಂದರೆ 1,000 ಬೈಟ್. ‘ಹಾಲ್ಟ್’ ಎಂಬ ಒಂದು ಗದರಿಕೆಗೆ ಅಷ್ಟೂ ಬೇಡ. ಹಾಗೆ ಬರೆದಿಟ್ಟುಕೊಂಡದ್ದನ್ನು ಅದೇ ವೇಗದಲ್ಲಿ ಸ್ಪೀಕರಿಗೆ ತಿರುಗಿ ಕೊಟ್ಟರೆ ಮಾತು ಹೊರಡುತ್ತದೆ. ಗರಗರ ಕೆರೆಯುವ, ನುಣುಪೆಲ್ಲ ಸವೆದುಹೋದ ಮಾತು. ಆದರೂ ಮಾತೇ. ಬರ್ಜರ್ಕ್ ಯಂತ್ರವೂ ಮಾತಾಡುತ್ತಿತ್ತು, ಅದಕ್ಕಾಗಿಯೇ ಅದರೊಳಗೆ ಪ್ರತ್ಯೇಕ ಚಿಪ್ ಇತ್ತು. ವಾರ್ನರ್ ಆಪಲ್‌ಗೆ ಯಾವ ಹೊಸ ಬಿಡಿಭಾಗವನ್ನೂ ಸೇರಿಸದೆ ‘ಆಖ್ತುಂಗ್’ ಎನ್ನಿಸಿದರು. ಗದರುವ ಕಾವಲುಗಾರನ ದನಿಗೆ ಆ ಒರಟುತನ ಒಪ್ಪಿಯೂ ಬಿಟ್ಟಿತು. ಇದೇ ವಿಧಾನದಲ್ಲಿ ಒಂದು ಲಾಲಿ ಹಾಡಿಸಿದ್ದರೆ ಮಗು ಅಳುತ್ತಿತ್ತು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸ್ಪೀಕರನ್ನು ಜಿಗಿಸುವ ಕೆಲಸವನ್ನೂ ಪ್ರೊಸೆಸರೇ ಮಾಡಬೇಕು, ಅದೂ ಒಂದಿಷ್ಟೂ ತಾಳ ತಪ್ಪದೆ. ಹಾಗಾಗಿ ಕಾವಲುಗಾರ ಕೂಗುವಷ್ಟು ಹೊತ್ತು ಆಟ ಸ್ತಬ್ಧ. ಗೊಂಬೆ ಚಲಿಸುವುದಿಲ್ಲ, ಗುಂಡು ಹಾರುವುದಿಲ್ಲ. ಮುಂದಿನ ಕೋಣೆಗೆ ಕಾಲಿಟ್ಟಿರಿ, ಪರದೆ ಅಲುಗದೆ ನಿಂತಿತು, ಸ್ಪೀಕರಿನಿಂದ ಒಂದು ಗದರಿಕೆ ಬಂತು ಎಂದುಕೊಳ್ಳಿ. ಆ ಕ್ಷಣದಲ್ಲಿ ನಿಮ್ಮ ಕೈಯಲ್ಲಿ ಏನೂ ಇಲ್ಲ. ಯಂತ್ರದ ಬಡತನವೇ ಅಲ್ಲಿ ಹೆದರಿಕೆಯಾಗಿ ಕೆಲಸ ಮಾಡಿತು. ಕೀಲಿಮಣೆಯದ್ದೂ ಅಂಥದೇ ಕಥೆ. ಆಪಲ್ 2ಕ್ಕೆ ಕೀಲಿ ಒತ್ತಿದ್ದು ತಿಳಿಯುತ್ತದೆ, ಬಿಟ್ಟದ್ದು ತಿಳಿಯುವುದಿಲ್ಲ. ಹಾಗಾಗಿ ಒಮ್ಮೆ ಹೆಜ್ಜೆಯಿಟ್ಟ ಗೊಂಬೆ ನಿಲ್ಲಿಸುವ ಕೀಲಿ ಒತ್ತುವ ತನಕ ನಡೆಯುತ್ತಲೇ ಇರುತ್ತದೆ. ಎಸ್ ಕೀಲಿಯ ಸುತ್ತಲಿನ ಎಂಟು ಕೀಲಿಗಳು ಎಂಟು ದಿಕ್ಕಿನ ನಡಿಗೆಗೆ, ನಡುವಿನ ಎಸ್ ನಿಲ್ಲಲು. ಬಲಗೈ ಬೆರಳುಗಳಿಗೆ ಅದೇ ರೀತಿ ಗುರಿಯಿಡುವ ಎಂಟು ದಿಕ್ಕು. ನಡಿಗೆ ಒಂದು ಕಡೆ, ಗುರಿ ಇನ್ನೊಂದು ಕಡೆ. ಹೊಸಬರು ಅರ್ಧ ಸಲ ಗೋಡೆಗೇ ಡಿಕ್ಕಿ ಹೊಡೆಯುತ್ತಾರೆ, ಡಿಕ್ಕಿಯ ಸದ್ದೂ ಜೋರು.

ನುಸುಳುವ ಆಟಗಳಲ್ಲಿ ಇದೇ ಮೊದಲನೆಯದೇ ಎಂದರೆ, ಹಾಗೆಂದು ಹಟ ಹಿಡಿಯುವುದು ಬೇಡ. ಅಂಗಡಿಯವನ ಕಣ್ಣು ತಪ್ಪಿಸಿ ಸಾಮಾನು ಎಗರಿಸುವ ಹುಡುಗನ ಆಟವೊಂದು ಜಪಾನಿನಲ್ಲಿ 1979ರಲ್ಲೇ ಬಂದಿತ್ತು. ಸೆಗಾ ಕಂಪನಿಯ ‘005’ ಎಂಬ ಗೂಢಚಾರನ ಆಟವೂ 1981ರದೇ. ಆದರೆ ವೇಷ, ಸದ್ದು, ಕೈ ಎತ್ತಿಸುವುದು, ಮೋಸ ಹೋಗುವ ಶತ್ರು, ಹೋಗದ ಶತ್ರು, ಇಷ್ಟನ್ನೂ ಒಂದೇ ಕೋಟೆಯೊಳಗೆ ಕೂಡಿಸಿದ್ದು ವಾರ್ನರ್. 1984ರಲ್ಲಿ ಅವರು ‘ಬಿಯಾಂಡ್ ಕ್ಯಾಸಲ್ ವುಲ್ಫೆನ್‌ಸ್ಟೈನ್’ ಬರೆದಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಲ್ಲಿ ಬರ್ಲಿನ್ನಿನ ಬಂಕರಿನೊಳಗೆ ಹೋಗಿ, ಬಾಂಬಿರುವ ಕೈಪೆಟ್ಟಿಗೆಯನ್ನು ಹಿಟ್ಲರನ ಸಭೆಯ ಕೋಣೆಯ ಬಳಿ ಇಟ್ಟು, ಸಿಡಿಯುವ ಮುನ್ನ ಹೊರಬರಬೇಕು. 1944ರ ಜುಲೈ 20ರಂದು ಕರ್ನಲ್ ಸ್ಟೌಫೆನ್‌ಬರ್ಗ್ ಹಿಟ್ಲರನ ಪೂರ್ವ ಪ್ರಶ್ಯದ ಠಾಣ್ಯದಲ್ಲಿ ಬಾಂಬು ಇಟ್ಟ ಘಟನೆಯ ನೆರಳು ಅದು. ಈ ಆಟದಲ್ಲಿ ಪಹರೆಯವನು ನಿಲ್ಲಿಸಿ ಪಾಸ್ ಕೇಳುತ್ತಾನೆ. ಸರಿಯಾದ ಪಾಸ್ ತೋರಿಸಬೇಕು, ಇಲ್ಲವೇ ಲಂಚ ತಳ್ಳಬೇಕು. ಸದ್ದಿಲ್ಲದೆ ಮುಗಿಸಲು ಚೂರಿಯೂ ಉಂಟು. ಮೋಸ ಹೋಗುವವನು ಈಗ ಪ್ರಶ್ನೆ ಕೇಳುವುದನ್ನೂ ಕಲಿತ.

ಮ್ಯೂಸ್ ಕಂಪನಿ 1987ರಲ್ಲಿ ದಿವಾಳಿಯೆದ್ದಿತು. ಇಲ್ಲಿಂದ ನಿಮ್ಮ ಎರಡನೇ ಪ್ರಶ್ನೆ ಶುರು. ಆಪಲ್ 2ರಲ್ಲಿ ಆ ಆಟ ಆಡಿ ಬೆಳೆದವರಲ್ಲಿ ಜಾನ್ ರೊಮೆರೊ ಒಬ್ಬರು. ನೀವು ಆಡಿದ ವುಲ್ಫೆನ್‌ಸ್ಟೈನ್ 3ಡಿಯನ್ನು ಮಾಡಿದ ಇಡ್ ಸಾಫ್ಟ್‌ವೇರ್ ಕಂಪನಿಯಲ್ಲಿ ಅವರ ಗೆಳೆಯ ಜಾನ್ ಕಾರ್ಮ್ಯಾಕ್ ಸಾಧಾರಣ ಪಿಸಿಯಲ್ಲೂ ಗೋಡೆಗಳ ನಡುವೆ ಸರ‍್ರನೆ ಓಡಿದ ಅನುಭವ ಕೊಡುವ ತಂತ್ರವನ್ನು ಕಟ್ಟುತ್ತಿದ್ದಾಗ, ಕೋಟೆ ಎಂದರೆ ವುಲ್ಫೆನ್‌ಸ್ಟೈನೇ ಆಗಬೇಕು ಎಂದವರು ರೊಮೆರೊ. ಮೊದಲು ಅವರು ಹಳೆಯ ಆಟದ ಗುಣಗಳನ್ನೂ ತರಲು ಹೊರಟಿದ್ದರು: ಹೆಣವನ್ನು ಎಳೆದು ಬಚ್ಚಿಡುವುದು, ಸತ್ತವನನ್ನು ತಡಕುವುದು, ಸಮವಸ್ತ್ರ ಬದಲಿಸುವುದು. ಕೆಲವನ್ನು ಮಾಡಿಯೂ ನೋಡಿದರು. ಆದರೆ ಆಡಿ ನೋಡಿದಾಗಲೆಲ್ಲ ಅವು ಕಾಲಿಗೆ ತೊಡರಿದವು. ಆ ಯಂತ್ರದ ಸುಖವಿದ್ದದ್ದು ಓಟದಲ್ಲಿ. ನಿಂತು ಹೆಣ ಎಳೆಯುವುದು ಯಾರಿಗೆ ಬೇಕು? ಒಂದೊಂದಾಗಿ ಕಿತ್ತುಹಾಕಿದರು. 1992ರ ಮೇ 5ರಂದು ಬಿಡುಗಡೆಯಾದದ್ದು ಓಡು, ಸುಡು ಎಂಬ ಆಟ. ವ್ಯಾಪಾರದ ದೃಷ್ಟಿಯಿಂದ ಅವರ ಲೆಕ್ಕ ಸರಿಯಾಗಿತ್ತು, ಆಟದ ದೃಷ್ಟಿಯಿಂದಲೂ ತಪ್ಪೆನ್ನಲಾರೆ. ಅದು ಬೇರೆ ಜಾತಿಯ ಆಟ, ತನ್ನ ಜಾತಿಯಲ್ಲಿ ಅಪ್ಪಟ. ಆ ನಿರ್ಧಾರ ‘ಡೂಮ್’ ಆಟಕ್ಕೆ, ಅಲ್ಲಿಂದ ಇವತ್ತಿನ ಗುಂಡಿನಾಟಗಳ ಇಡೀ ವಂಶಕ್ಕೆ ದಾರಿಮಾಡಿತು. ಆದರೆ ವಾರ್ನರ್ ಕಷ್ಟಪಟ್ಟು ಕಾವಲುಗಾರನಿಗೆ ಕೊಟ್ಟಿದ್ದ ಅಜ್ಞಾನವನ್ನು ಅದು ಬಹುಪಾಲು ಕಿತ್ತುಕೊಂಡಿತು.

ಬಹುಪಾಲು ಎಂದೆ, ಪೂರ್ತಿ ಅಲ್ಲ. ನೀವು ಆಡಿದ್ದೀರಲ್ಲ, ನೆನಪಿಸಿಕೊಳ್ಳಿ: ಬೆನ್ನು ಹಾಕಿ ನಿಂತ ಕಾವಲುಗಾರ ನೀವು ಹತ್ತಿರ ಬಂದರೂ ತಿರುಗುತ್ತಿರಲಿಲ್ಲ, ಚೂರಿಯಿಂದ ಅವನನ್ನು ಸದ್ದಿಲ್ಲದೆ ಮುಗಿಸಬಹುದಿತ್ತು. ಗುಂಡು ಹಾರಿಸಿದರೆ ಮಾತ್ರ ತೆರೆದ ಬಾಗಿಲುಗಳ ಮೂಲಕ ಸದ್ದು ಹರಿದು ಆಚೆ ಕೋಣೆಯವರೂ ಎದ್ದು ಬರುತ್ತಿದ್ದರು. ಅದು ಹಳೆಯ ಆಟದಿಂದ ಉಳಿದುಬಂದ ಆಸ್ತಿ. ಅವಸರದಲ್ಲಿ ಅದನ್ನು ಗಮನಿಸಿದವರು ಕಡಿಮೆ. ಅಂದಹಾಗೆ, ಸ್ವಸ್ತಿಕದ ಬಾವುಟಗಳೂ ಹಿಟ್ಲರನ ಚಿತ್ರಗಳೂ ತುಂಬಿದ್ದ ಆ ಆಟವನ್ನು ಜರ್ಮನಿಯಲ್ಲಿ 1994ರಲ್ಲಿ ಮುಟ್ಟುಗೋಲು ಹಾಕಿಕೊಂಡರು. ಆಟಗಳಲ್ಲಿ ಅಂಥ ಚಿಹ್ನೆಗಳನ್ನು ಸಂದರ್ಭ ನೋಡಿ ಒಪ್ಪುವ ಸಡಿಲಿಕೆ ಅಲ್ಲಿ ಬಂದದ್ದು 2018ರಲ್ಲಿ.

ನುಸುಳುವ ಕಲೆ ಬೇರೆಡೆ ಬೆಳೆಯಿತು. 1987ರಲ್ಲಿ ಜಪಾನಿನ ಹಿದೆಯೊ ಕೊಜಿಮಾ ಎಂಎಸ್‌ಎಕ್ಸ್ 2 ಕಂಪ್ಯೂಟರಿಗೆ ‘ಮೆಟಲ್ ಗಿಯರ್’ ಮಾಡಿದಾಗ ಅವರ ಮುಂದೆ ಇದ್ದದ್ದೂ ಯಂತ್ರದ ಬಡತನವೇ. ಯುದ್ಧದ ಆಟ ಮಾಡು ಎಂದಿದ್ದರು. ಪರದೆಯ ಮೇಲೆ ಹೆಚ್ಚು ಸೈನಿಕರನ್ನೂ ಗುಂಡುಗಳನ್ನೂ ಒಟ್ಟಿಗೆ ಓಡಿಸಲು ಯಂತ್ರಕ್ಕೆ ಆಗುತ್ತಿರಲಿಲ್ಲ. ಹಾಗಾದರೆ ಹೋರಾಡದೆ ಅಡಗುವ ಆಟವೇ ಆಗಲಿ ಎಂದರು. 1998ರ ‘ಥೀಫ್’ ಆಟದಲ್ಲಿ ನೆರಳು, ಬೆಳಕು, ಕಾಲಡಿಯ ನೆಲ ಕಲ್ಲೋ ಕಂಬಳಿಯೋ ಎಂಬುದೂ ಲೆಕ್ಕಕ್ಕೆ ಬಂತು. ನಮ್ಮಲ್ಲಿ ಆಪಲ್ 2 ಮನೆಮನೆಗೆ ಬಂದ ಯಂತ್ರವಲ್ಲ. 80ರ ದಶಕದಲ್ಲಿ ಕರ್ನಾಟಕದಲ್ಲಿ ಈ ಮೊದಲ ಕೋಟೆಯೊಳಗೆ ಹೊಕ್ಕವರು ಬೆರಳೆಣಿಕೆಯಷ್ಟು ಇದ್ದಾರು. ಆದರೆ 2000ದ ಕೊನೆಯಲ್ಲಿ ಬಂದ ನಾರ್ವೆಯ ‘ಪ್ರಾಜೆಕ್ಟ್ ಐಜಿಐ’ ಸೈಬರ್ ಕೆಫೆಗಳಲ್ಲಿ ಆಡದ ಹುಡುಗರು ಕಡಿಮೆ. ಕ್ಯಾಮೆರಾ ಕಣ್ಣಿಗೆ ಬಿದ್ದು ಅಲಾರಾಂ ಹೊಡೆದುಕೊಂಡು, ನಡುವೆ ಸೇವ್ ಮಾಡುವ ಸೌಕರ್ಯವಿಲ್ಲದೆ ಇಡೀ ಹಂತವನ್ನು ಮೊದಲಿನಿಂದ ಆಡುವಾಗ ಕೆಫೆಯ ಗಡಿಯಾರವೂ ಓಡುತ್ತಿತ್ತು. ಅಲ್ಲಿ ಬೇಲಿಯ ಪಕ್ಕ ತೆವಳಿದವರೆಲ್ಲ ವಾರ್ನರ್ ಕುಲದವರೇ. ವುಲ್ಫೆನ್‌ಸ್ಟೈನ್ ಸರಣಿಯೂ ಕಡೆಗೆ ಮನೆಗೆ ಮರಳಿತು: 2014ರ ‘ದಿ ನ್ಯೂ ಆರ್ಡರ್’ನಲ್ಲಿ ಸದ್ದಿಲ್ಲದೆ ಅಧಿಕಾರಿಯನ್ನು ಮುಗಿಸದಿದ್ದರೆ ಅವನು ಸಹಾಯಕ್ಕೆ ಕರೆ ಕೊಟ್ಟುಬಿಡುತ್ತಾನೆ. ಅದನ್ನು ನೋಡಲು ವಾರ್ನರ್ ಇರಲಿಲ್ಲ, ಅವರು 2004ರಲ್ಲಿ ತೀರಿಕೊಂಡಿದ್ದರು.

ನೀವೂ ಮಗನೂ ಒಮ್ಮೆ ಆಡಿ ನೋಡಬೇಕೆಂದರೆ ಕಷ್ಟವಿಲ್ಲ. ಹಳೆಯ ಆಪಲ್ 2 ಆಟಗಳನ್ನು ಇಂಟರ್‌ನೆಟ್ ಆರ್ಕೈವ್ ತಾಣದಲ್ಲಿ ಬ್ರೌಸರಿನೊಳಗೇ ಆಡಬಹುದು. ಮೊದಲ ಹತ್ತು ನಿಮಿಷ ಬರೀ ನಡೆಯುವುದನ್ನೂ ನಿಲ್ಲುವುದನ್ನೂ ಕಲಿಯಿರಿ. ಎಡಗೈಯ ನಡುಬೆರಳು ಎಸ್ ಕೀಲಿಯ ಮೇಲಿರಲಿ. ಪಹರೆಯವನು ಒಬ್ಬನೇ ಸಿಕ್ಕರೆ ಗುಂಡು ಹಾರಿಸಬೇಡಿ, ಹತ್ತಿರ ಹೋಗಿ ಗುರಿಯಿಡಿ, ತಡಕಿ, ಮುಂದೆ ಹೋಗಿ. ಸಿಕ್ಕ ಪಾನೀಯವನ್ನೆಲ್ಲ ಕುಡಿಯಬೇಡಿ. ಸಮವಸ್ತ್ರ ಸಿಕ್ಕ ಮೇಲೂ ಎಸ್ಸೆಸ್‌ನವನು ಕಂಡರೆ ವೇಷವನ್ನು ನಂಬಿ ನಿಲ್ಲಬೇಡಿ, ಗ್ರೆನೇಡ್ ಇದ್ದರೆ ಅವನಿಗೆಂದೇ ಉಳಿಸಿಕೊಂಡಿರಿ. ಸ್ಪೀಕರಿನ ಸದ್ದನ್ನು ಮಾತ್ರ ಮೊದಲೇ ಸ್ವಲ್ಪ ತಗ್ಗಿಸಿಡಿ, ರಾತ್ರಿ ಹೊತ್ತಿನಲ್ಲಂತೂ ಪಕ್ಕದ ಮನೆಯವರು ಎದ್ದುಬಂದಾರು.